ನೀರಿನ ಲೆಕ್ಕ ಟಿಎಂಸಿಗೆ ಮುಗಿಯುವುದಿಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪದ ಮಾರುಕಟ್ಟೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ತುಂಬಿದ ಜಲಾಶಯದಿಂದ ದಿನಕ್ಕೆ ಎಷ್ಟು ಟಿಎಂಸಿ ನೀರು ಹೊಳೆಯ ಪಾಲಾಗುತ್ತಿದೆ, ಉಳಿಯುವುದೆಷ್ಟು, ಮೊದಲ ಬೆಳೆಗೆ ಸಾಲುವುದೇ, ಎರಡನೆಯ ಬೆಳೆಯ ಗತಿಯೇನು ಎಂಬ ಲೆಕ್ಕವನ್ನು ಅಡತಿ ಅಂಗಡಿಯ ಗುಮಾಸ್ತನಿಂದ ಹಿಡಿದು ಅಕ್ಕಿ ಗಿರಣಿಯ ಮಾಲೀಕರವರೆಗೆ ಎಲ್ಲರೂ ಬಾಯಲ್ಲೇ ಹಾಕುತ್ತಿದ್ದರು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಲಾಯಿತು. ಮಳೆ ಕೈಹಿಡಿದುದರಿಂದ ಜಲಾಶಯ ಮತ್ತೆ ತುಂಬಿತು. ಅದರ ಹಿಂದಿನ ವರ್ಷ, 2023ರ ಬರದಲ್ಲಿ, ಜಲಾಶಯ ತುಂಬದೇ ಹೋದಾಗಲೂ ಇದೇ ಲೆಕ್ಕ, ಇದೇ ಆತಂಕ. ಈ ಭಾಗದ ವ್ಯಾಪಾರವೆಲ್ಲ ನಾಲೆಯ ನೀರಿನ ಮೇಲೆ ನಿಂತಿರುವುದರಿಂದ ಇದು ಸಹಜವೇ ಸರಿ.

ಆದರೆ ನೀರು ಎಷ್ಟು ಎಂದು ಇಷ್ಟು ಕಾಳಜಿಯಿಂದ ಕೇಳುವ ಈ ಮಾರುಕಟ್ಟೆ, ನೀರು ಎಂಥದು ಎಂದು ಎಂದೂ ಕೇಳಿದುದಿಲ್ಲ. ಬಾಯ್ಲರ್ ಇರುವ ಗಿರಣಿಯಲ್ಲಿ ಈ ಪ್ರಶ್ನೆ ಹೊಸದೇನೂ ಅಲ್ಲ. ಗಡಸು ನೀರನ್ನು ಹಾಗೆಯೇ ಬಾಯ್ಲರಿಗೆ ಬಿಟ್ಟರೆ ಕೊಳವೆಗಳ ಒಳಗೆ ಪದರು ಕಟ್ಟಿ ಉರುವಲು ವ್ಯರ್ಥವಾಗುತ್ತದೆ, ಕೊನೆಗೆ ಕೊಳವೆಯೇ ಒಡೆಯುತ್ತದೆ ಎಂಬುದು ಮಾಲೀಕರಿಗೆ ಗೊತ್ತು. ಅದಕ್ಕಾಗಿ ನೀರು ಮೆದುಗೊಳಿಸುವ ಘಟಕವಿದೆ, ಕರಗಿದ ಲವಣ ಅಳೆಯುವ ಮೀಟರ್ ಇದೆ. ಭತ್ತವನ್ನು ಬೇಯಿಸುವ ನೀರನ್ನು ಪರೀಕ್ಷಿಸುವ ಗಿರಣಿಗೆ, ಆ ಭತ್ತವನ್ನು ಬೆಳೆಸಿದ ನೀರಿನ ಬಗ್ಗೆ ಒಂದು ಅಂಕಿಯೂ ತಿಳಿದಿರುವುದಿಲ್ಲ. ಮುಂಗಾರಿನ ಆರಂಭದಲ್ಲಿ ಬೀಜ, ಗೊಬ್ಬರ, ಕೀಟನಾಶಕಗಳನ್ನು ಉದ್ರಿಗೆ ಕೊಡುವ ವರ್ತಕರ ಸ್ಥಿತಿಯೂ ಇದೇ. ಆ ಉದ್ರಿಗೆ ನಿಜವಾದ ಜಾಮೀನು ಹೊಲಕ್ಕೆ ಹರಿಯುವ ನೀರು. ಜಾಮೀನಿನ ಗುಣವನ್ನೇ ನೋಡದೆ ಖಾತೆ ತೆರೆಯುವುದು ವ್ಯಾಪಾರದ ಯಾವ ನಿಯಮಕ್ಕೂ ಒಪ್ಪುವ ಮಾತಲ್ಲ.

ಮೂರು ನೀರು, ಮೂರು ಗುಣ

ತುಂಗಭದ್ರಾ ಅಚ್ಚುಕಟ್ಟಿನ ಹೊಲಗಳಿಗೆ ಒಂದೇ ನೀರು ಹರಿಯುತ್ತದೆ ಎಂಬ ಭಾವನೆ ತಪ್ಪು. ಮೇಲ್ಭಾಗದ ರೈತರಿಗೆ ನಾಲೆಯ ನೀರು ದೊರೆಯುತ್ತದೆ. ಕೊನೆಯ ಭಾಗದವರಲ್ಲಿ ಅನೇಕರು ಹಳ್ಳಕ್ಕೆ, ಬಸಿಗಾಲುವೆಗೆ ಪಂಪ್‌ಸೆಟ್ ಇಳಿಸಿ, ಮೇಲಿನವರ ಗದ್ದೆಗಳಿಂದ ಬಸಿದು ಬಂದುದನ್ನು ಎತ್ತುತ್ತಾರೆ. ಅದೂ ಸಾಲದಾದಾಗ ಕೊಳವೆಬಾವಿ. ಎಷ್ಟೋ ಹೊಲಗಳಿಗೆ ಒಂದೇ ಹಂಗಾಮಿನಲ್ಲಿ ಈ ಮೂರೂ ನೀರು ಸರದಿಯಲ್ಲಿ ಬೀಳುತ್ತವೆ. ಖಾತೆ ಪುಸ್ತಕದಲ್ಲಿ ಮಾತ್ರ ಎಲ್ಲವೂ 'ನೀರಾವರಿ' ಎಂಬ ಒಂದೇ ಕಲಮು.

ನಾಲೆಯ ನೀರಿನಲ್ಲಿ ಲವಣ ಕಡಿಮೆ. ಮಲೆನಾಡಿನ ಮಳೆಯಿಂದ ಹುಟ್ಟಿದ ತುಂಗೆ ಮತ್ತು ಭದ್ರೆಯರ ನೀರು ಅದು. ಹೂಳು ಅದರ ದೊಡ್ಡ ದೋಷ. 1953ರಲ್ಲಿ ನಾಲೆಗೆ ನೀರು ಹರಿದಾಗ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. ಕೆಲವು ವರ್ಷಗಳಿಂದ ಹಿನ್ನೀರಿನಲ್ಲಿ ಪಾಚಿ ಬೆಳೆದು ನೀರು ಹಸಿರು ಬಣ್ಣಕ್ಕೆ ತಿರುಗುವುದನ್ನೂ ಜನ ಕಾಣುತ್ತಿದ್ದಾರೆ. ಇವೆರಡನ್ನು ಬಿಟ್ಟರೆ ನೀರಾವರಿಯ ದೃಷ್ಟಿಯಿಂದ ಇದು ಒಳ್ಳೆಯ ನೀರೇ.

ಆದರೂ ಈ ಒಳ್ಳೆಯ ನೀರೇ ಸವಳು-ಜವಳಿನ ಮೂಲವಾಯಿತು. ತುಂಗಭದ್ರಾ ಯೋಜನೆಯನ್ನು ರೂಪಿಸಿದವರು ಎಡದಂಡೆಯ ಎರೆ ಭೂಮಿಗೆ ಹಗುರ ನೀರಾವರಿಯನ್ನಷ್ಟೇ ಉದ್ದೇಶಿಸಿದ್ದರು. ಹತ್ತಿ, ಜೋಳ, ಶೇಂಗಾ ಬೆಳೆಗಳಿಗೆ ಮಳೆ ಕೈಕೊಟ್ಟಾಗ ಆಸರೆಯಾಗುವಷ್ಟು ನೀರು. ಭತ್ತಕ್ಕೆ ಗೊತ್ತುಪಡಿಸಿದ ಪ್ರದೇಶ ಬಹಳ ಚಿಕ್ಕದು. ನಾಲೆ ಬಂದ ನಂತರ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಶ್ರಮಜೀವಿಗಳು ಭತ್ತದ ಬೇಸಾಯವನ್ನು ಬೆಳೆಸಿದರು, ಸ್ಥಳೀಯರು ಅನುಸರಿಸಿದರು, ಗಿರಣಿಗಳು ಎದ್ದವು, ಗಂಗಾವತಿಯ ಸೋನಾ ಮಸೂರಿ ರಾಜ್ಯದಾಚೆಗೂ ಹೆಸರಾಯಿತು. ಇಂದಿನ ಮಾರುಕಟ್ಟೆಯ ಸಂಪತ್ತು ಆ ಭತ್ತದಿಂದಲೇ ಬಂದದ್ದು. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ವರ್ಷಕ್ಕೆ ಎರಡು ಬಾರಿ ನೀರು ನಿಲ್ಲಿಸಿದ ಎರೆ ಭೂಮಿಯಲ್ಲಿ ಅಂತರ್ಜಲ ಮೇಲೇರಿತು. ಜೇಡಿ ಹೆಚ್ಚಿರುವ ಈ ಮಣ್ಣಿನಲ್ಲಿ ನೀರು ಕೆಳಗೆ ಬಸಿಯುವುದು ನಿಧಾನ. ಆಳದಲ್ಲಿ ಮಲಗಿದ್ದ ಲವಣ ಅಂತರ್ಜಲದೊಡನೆ ಮೇಲೆದ್ದು, ನೀರು ಆವಿಯಾದ ಮೇಲೆ ನೆಲದ ಮೇಲ್ಮೈಯಲ್ಲಿ ಉಳಿಯಿತು. ಸವಳು ಅಥವಾ ಜವಳಿಗೆ ತುತ್ತಾದ ಪ್ರದೇಶ ಈ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಎಂದು ಸಂಶೋಧನಾ ಬರಹಗಳು ಹೇಳುತ್ತ ಬಂದಿವೆ. ಕರ್ನಾಟಕದ ಪಾಲಿನ ಅಚ್ಚುಕಟ್ಟು ಸುಮಾರು 3.63 ಲಕ್ಷ ಹೆಕ್ಟೇರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹಾನಿಯ ಪ್ರಮಾಣ ತಿಳಿಯುತ್ತದೆ.

ಸಿಹಿ ನೀರೂ ಉಪ್ಪನ್ನು ಹೊತ್ತು ತರುತ್ತದೆ ಎಂಬುದನ್ನು ವರ್ತಕರ ಭಾಷೆಯಲ್ಲೇ ಹೇಳಬಹುದು. ನೀರಿನ ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಮೀಟರಿಗೆ 0.3 ಡೆಸಿಸೀಮೆನ್ಸ್ ಎಂದು ಉದಾಹರಣೆಗಾಗಿ ಹಿಡಿಯೋಣ. ಇದು ಉತ್ತಮ ನೀರು. ಇ.ಸಿ.ಯನ್ನು 640ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಎಂಬ ಅಂದಾಜು ಸಿಗುತ್ತದೆ, ಇಲ್ಲಿ ಸುಮಾರು 190. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಹಾಗಾದರೆ ಪ್ರತಿ ಟಿಎಂಸಿ ನೀರಿನೊಂದಿಗೆ ಅಚ್ಚುಕಟ್ಟಿಗೆ ಇಳಿಯುವ ಲವಣ ಸುಮಾರು 5,400 ಟನ್. ಹತ್ತು ಟನ್ನಿನ ಲಾರಿಗಳಲ್ಲಿ 540 ಲೋಡು. ಬಸಿಗಾಲುವೆಗಳು ಸರಿಯಾಗಿದ್ದರೆ ಇದರ ಹೆಚ್ಚಿನ ಪಾಲು ಮತ್ತೆ ಹೊಳೆ ಸೇರುತ್ತದೆ. ಹೂಳು ಮತ್ತು ಜೊಂಡು ತುಂಬಿದ್ದರೆ ಆ ಸರಕು ಹೊಲದಲ್ಲೇ ಇಳಿದು ಉಳಿಯುತ್ತದೆ.

ಎರಡನೆಯದು ಬಸಿನೀರು. ಮೂರರಲ್ಲಿ ಅತ್ಯಂತ ಹೆಚ್ಚು ಪರೀಕ್ಷೆ ಬೇಕಾದದ್ದೂ, ಅತ್ಯಂತ ಕಡಿಮೆ ಪರೀಕ್ಷೆಗೆ ಒಳಗಾಗುವುದೂ ಇದೇ. ಮೇಲಿನ ಗದ್ದೆಯ ಉಪ್ಪನ್ನು, ಯೂರಿಯಾವನ್ನು, ಔಷಧದ ಶೇಷವನ್ನು ತೊಳೆದುಕೊಂಡು ಅದು ಹಳ್ಳ ಸೇರುತ್ತದೆ. ಕೆಳಗಿನವರು ಎತ್ತಿ ಬಳಸಿದ ಮೇಲೆ ಮತ್ತೆ ಬಸಿಯುತ್ತದೆ. ಅದರ ಕೆಳಗಿನವರು ಮತ್ತೆ ಎತ್ತುತ್ತಾರೆ. ಹೀಗೆ ಸುತ್ತು ಹೆಚ್ಚಾದಷ್ಟೂ ನೀರು ಕಡಿಮೆಯಾಗುತ್ತದೆ, ಉಪ್ಪು ಹೆಚ್ಚುತ್ತದೆ. ಅದರ ಗುಣ ಕಾಲದಿಂದ ಕಾಲಕ್ಕೆ ಬದಲಾಗುವುದು ಇನ್ನೊಂದು ತೊಡಕು. ನಾಲೆ ತುಂಬಿ ಹರಿಯುವಾಗ ಹೆಚ್ಚುವರಿ ಸಿಹಿ ನೀರೂ ಹಳ್ಳಕ್ಕೆ ಬೀಳುವುದರಿಂದ ಅದೇ ಹಳ್ಳದ ನೀರು ಒಳ್ಳೆಯದೆಂದೇ ತೋರುತ್ತದೆ. ನಾಲೆ ನಿಂತ ಮೇಲೆ ಹಳ್ಳದಲ್ಲಿ ಹರಿಯುವುದು ಬರಿಯ ನೆಲದ ಬಸಿ. ಸೆಪ್ಟೆಂಬರಿನಲ್ಲಿ ಪರೀಕ್ಷಿಸಿ ಸರಿಯಿದೆ ಎಂದ ನೀರು ಮಾರ್ಚಿನಲ್ಲಿ ಬೆಳೆಯನ್ನು ಸುಡಬಹುದು.

ಇ.ಸಿ. 2 ಇರುವ ಬಸಿನೀರನ್ನು ಒಂದು ಎಕರೆಗೆ ಒಂದು ಮೀಟರ್ ಆಳದಷ್ಟು ಹಾಯಿಸಿದರೆ, ಭತ್ತಕ್ಕೆ ಇದು ಹೆಚ್ಚಿನ ಪ್ರಮಾಣವೇನಲ್ಲ, ಆ ಎಕರೆಗೆ ಬೀಳುವ ಲವಣ ಸುಮಾರು 52 ಕ್ವಿಂಟಲ್. ಐವತ್ತು ಕೆ.ಜಿ.ಯ ಚೀಲದ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಚೀಲ. ಮೇಲೆ ಉದಾಹರಿಸಿದ ನಾಲೆಯ ನೀರಿನಲ್ಲಾದರೆ ಹದಿನೈದು ಹದಿನಾರು ಚೀಲ. ಎಕರೆಗೆ ನಾಲ್ಕೈದು ಚೀಲ ಗೊಬ್ಬರವನ್ನು ಉದ್ರಿ ಬರೆದುಕೊಳ್ಳುವ ಅಂಗಡಿಯವರು, ಅದೇ ಎಕರೆಗೆ ಯಾರೂ ಬರೆದುಕೊಳ್ಳದೆ ಬೀಳುವ ಈ ನೂರು ಚೀಲವನ್ನೂ ಒಮ್ಮೆ ನೆನೆಯಬೇಕು.

ಮೂರನೆಯದಾದ ಕೊಳವೆಬಾವಿಯ ನೀರಿನ ಬಗ್ಗೆ ಸಾಮಾನ್ಯ ಮಾತು ಹೇಳುವುದೇ ಕಷ್ಟ. ಗಟ್ಟಿ ಶಿಲೆಯ ಸೀಳುಗಳಲ್ಲಿ ನಿಂತ ನೀರು ಅದು. ಒಂದು ಬಾವಿಯದು ಸಿಹಿ, ಇನ್ನೂರು ಮಾರು ಆಚೆಯದು ಬಾಯಿಗಿಡಲಾಗದು. ಕೆಲವು ಕಡೆ ಉಪ್ಪು ಹೆಚ್ಚಿಲ್ಲದಿದ್ದರೂ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುತ್ತವೆ. ಅಂಥ ನೀರು ನಾಲಗೆಗೆ ಸಿಹಿಯೆನಿಸಿ ಮಣ್ಣಿಗೆ ಕ್ಷಾರವಾಗುತ್ತದೆ. ರುಚಿ ನೋಡಿ ನೀರನ್ನು ಅಳೆಯುವ ರೂಢಿ ಮೋಸ ಹೋಗುವುದು ಇಲ್ಲಿಯೇ.

ಅಳತೆಗೋಲು ಯಾವುದು?

ನೀರಿನ ಪರೀಕ್ಷೆಯಲ್ಲಿ ನೋಡಬೇಕಾದ ಅಂಕಿಗಳು ಮುಖ್ಯವಾಗಿ ಮೂರು. ಒಟ್ಟು ಲವಣವನ್ನು ಇ.ಸಿ. ತಿಳಿಸುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳಿಗೆ ಹೋಲಿಸಿದರೆ ಸೋಡಿಯಂ ಎಷ್ಟು ಬಲವಾಗಿದೆ ಎಂಬುದನ್ನು ಸೋಡಿಯಂ ಹೀರಿಕೆಯ ಅನುಪಾತ, ಅಂದರೆ ಎಸ್‌.ಎ.ಆರ್., ತಿಳಿಸುತ್ತದೆ. ಬೈಕಾರ್ಬೊನೇಟುಗಳು ಮಣ್ಣಿನ ಕ್ಯಾಲ್ಸಿಯಂ ಅನ್ನು ಸುಣ್ಣಕಲ್ಲಾಗಿಸಿ ಸೋಡಿಯಂಗೆ ದಾರಿ ಬಿಡುವ ಅಪಾಯವನ್ನು ಉಳಿಕೆ ಸೋಡಿಯಂ ಕಾರ್ಬೊನೇಟ್, ಅಂದರೆ ಆರ್‌.ಎಸ್‌.ಸಿ., ತಿಳಿಸುತ್ತದೆ. ಎರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸೀಳುಗಳನ್ನು ಮುಚ್ಚುತ್ತವೆ. ನೆಲ ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಕಲ್ಲಾಗಿ, ನೀರೂ ಗಾಳಿಯೂ ಒಳಗಿಳಿಯದಂತಾಗುತ್ತದೆ. ಬರಿಯ ಸವಳನ್ನು ಸಿಹಿ ನೀರಿನಿಂದ ತೊಳೆಯಬಹುದು. ಕ್ಷಾರಕ್ಕೆ ತಿರುಗಿದ ನೆಲ ಬರಿಯ ನೀರಿಗೆ ಬಗ್ಗುವುದಿಲ್ಲ.

ಇಷ್ಟು ಇ.ಸಿ.ಗೆ ಒಳ್ಳೆಯದು, ಇಷ್ಟಕ್ಕೆ ಕೆಟ್ಟದ್ದು ಎಂಬ ಪಟ್ಟಿ ಬೇಕೆನ್ನುವವರಿಗೆ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಲವಣ ಪ್ರಯೋಗಾಲಯ 1954ರಲ್ಲಿ ಪ್ರಕಟಿಸಿದ, ಇಂದಿಗೂ ಪಠ್ಯಗಳಲ್ಲಿರುವ ವರ್ಗೀಕರಣದಲ್ಲಿ 0.75ರಿಂದ 2.25ರವರೆಗಿನ ಇ.ಸಿ. 'ಅಧಿಕ' ಲವಣದ ವರ್ಗ. ಭಾರತೀಯ ಮಾನಕ ಸಂಸ್ಥೆಯ 1986ರ ಮಾರ್ಗಸೂಚಿಯಲ್ಲಿ, ಅಂದರೆ ಐ.ಎಸ್. 11624ರಲ್ಲಿ, 1.5ಕ್ಕಿಂತ ಕಡಿಮೆಯಿದ್ದರೆ 'ಅಲ್ಪ' ಲವಣ. ಇ.ಸಿ. 1.4 ಇರುವ ಒಂದೇ ಬಾಟಲಿ ನೀರು ಒಂದು ಪುಸ್ತಕದಲ್ಲಿ ಅಪಾಯಕಾರಿ, ಇನ್ನೊಂದರಲ್ಲಿ ನಿರಪಾಯ. ಎರಡೂ ತಪ್ಪಲ್ಲ. ನೀರಿನ ಗುಣ ನೀರಿನಲ್ಲಿ ಮಾತ್ರ ಇಲ್ಲ ಎಂಬುದೇ ಇದರ ಅರ್ಥ. 1969ರಲ್ಲಿ ಸ್ಥಾಪನೆಯಾದ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಮಾರ್ಗಸೂಚಿಗಳು ಆದ್ದರಿಂದಲೇ ಮಣ್ಣಿನ ಜೇಡಿಯಂಶ, ವಾರ್ಷಿಕ ಮಳೆ ಮತ್ತು ಬೆಳೆಯ ಸಹನೆ ಮೂರನ್ನೂ ಸೇರಿಸಿ ಮಿತಿಯನ್ನು ಹೇಳುತ್ತವೆ. ಮರಳು ಮಿಶ್ರಿತ ಮಸಾರಿಯಲ್ಲಿ ವರ್ಷಗಟ್ಟಲೆ ನಡೆಯುವ ನೀರು, ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ರಾಯಚೂರಿನ ಆಳವಾದ ಎರೆಯಲ್ಲಿ ನಾಲ್ಕಾರು ವರ್ಷಗಳಲ್ಲೇ ಹಾನಿ ಮಾಡೀತು. ಪಂಜಾಬಿನ ಅಥವಾ ರಾಜಸ್ಥಾನದ ಅನುಭವವನ್ನು ಹಾಗೆಯೇ ತಂದು ಇಲ್ಲಿ ಇಳಿಸಲಾಗದು.

ಬೆಳೆಯ ಸಹನೆಯ ವಿಚಾರ ಈ ಮಾರುಕಟ್ಟೆಗೆ ಎಲ್ಲಕ್ಕಿಂತ ಹತ್ತಿರದ್ದು. ಮಣ್ಣಿನ ತೇವದಲ್ಲಿರುವ ಲವಣವನ್ನು ಸಂತೃಪ್ತ ದ್ರಾವಣದ ಇ.ಸಿ.ಯಿಂದ ಅಳೆಯುತ್ತಾರೆ. ಎಲ್ಲೆಡೆ ಬಳಕೆಯಲ್ಲಿರುವ ಅಂಕಿಗಳ ಪ್ರಕಾರ ಭತ್ತದ ಇಳುವರಿ ಈ ಇ.ಸಿ. 3 ದಾಟಿದೊಡನೆ ಕುಸಿಯತೊಡಗುತ್ತದೆ. ಆಮೇಲೆ ಪ್ರತಿ ಒಂದು ಅಂಕಕ್ಕೆ ಶೇ. 12ರಷ್ಟು ನಷ್ಟ. ಜೋಳ 6.8ರವರೆಗೆ, ಹತ್ತಿ 7.7ರವರೆಗೆ ತಡೆದುಕೊಳ್ಳುತ್ತವೆ. ಮಣ್ಣಿನ ಇ.ಸಿ. 5 ಆದ ಹೊಲದಲ್ಲಿ ಭತ್ತ ಸುಮಾರು ಕಾಲು ಭಾಗ ಕಳೆದುಕೊಂಡಿರುತ್ತದೆ. ಎಕರೆಗೆ 75 ಕೆ.ಜಿ.ಯ ನಲವತ್ತು ಚೀಲ ಬರಬೇಕಾದಲ್ಲಿ ಮೂವತ್ತು. ಅದೇ ಹೊಲದಲ್ಲಿ ಹತ್ತಿಗೂ ಜೋಳಕ್ಕೂ ಲವಣದಿಂದ ನಷ್ಟವಿಲ್ಲ. ಯೋಜನೆಯ ಆರಂಭದಲ್ಲಿ ನಿಗದಿಪಡಿಸಿದ ಬೆಳೆಗಳು ಯಾವುವು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ: ನಿಂತ ನೀರು ಉಪ್ಪನ್ನು ಕೆಳಕ್ಕೆ ಒತ್ತುವುದರಿಂದ ಕೆಟ್ಟ ನೆಲವನ್ನು ಸುಧಾರಿಸಲು ಭತ್ತವನ್ನೇ ಬೆಳೆಯುವ ಪದ್ಧತಿಯೂ ಇದೆ, ಅದು ಫಲ ಕೊಡುವುದೂ ಉಂಟು. ಷರತ್ತು ಒಂದೇ. ಹಾಯಿಸುವ ನೀರು ಸಿಹಿಯಾಗಿರಬೇಕು, ಕೆಳಗೆ ಬಸಿದು ಹೋಗಲು ದಾರಿಯಿರಬೇಕು.

ಮಾಪನಕ್ಕೆ ಬೇಕಾದ ಸಾಧನ ದುಬಾರಿಯಲ್ಲ. ಕೈಯಲ್ಲಿ ಹಿಡಿಯುವ ಇ.ಸಿ. ಮೀಟರ್ ಕೆಲವು ಸಾವಿರ ರೂಪಾಯಿಗೆ ದೊರೆಯುತ್ತದೆ. ಕುಡಿಯುವ ನೀರಿನ ಯಂತ್ರದವರು ತರುವ ಟಿಡಿಎಸ್ ಪೆನ್ನನ್ನೇ ಬಳಸಬಹುದಲ್ಲ ಎನ್ನುವವರಿದ್ದಾರೆ. ಬಳಸಬಹುದು, ಆದರೆ ಆ ಪೆನ್ನುಗಳಲ್ಲಿ ಕೆಲವು ಇ.ಸಿ.ಯನ್ನು 500ರಿಂದಲೂ ಕೆಲವು 640 ಅಥವಾ 700ರಿಂದಲೂ ಗುಣಿಸಿ ಅಂಕಿ ತೋರಿಸುತ್ತವೆ. ಎರಡು ಅಂಗಡಿಯ ಎರಡು ತಕ್ಕಡಿಗಳಂತೆ ಅವು ಹೊಂದುವುದಿಲ್ಲ. ಇ.ಸಿ.ಯನ್ನೇ ನೇರವಾಗಿ ತೋರಿಸುವ ಮೀಟರ್ ಕೊಂಡು, ಪ್ರಮಾಣಿತ ದ್ರಾವಣದಿಂದ ಆಗಾಗ ಸರಿಪಡಿಸಿಕೊಳ್ಳುವುದು ಒಳಿತು. ಎಸ್‌.ಎ.ಆರ್. ಮತ್ತು ಆರ್‌.ಎಸ್‌.ಸಿ.ಗಳಿಗೆ ಮಾತ್ರ ಪ್ರಯೋಗಾಲಯವೇ ಬೇಕು. ರಾಯಚೂರಿನಲ್ಲಿ 2009ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯವಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಲವಣಬಾಧಿತ ಮಣ್ಣು ಮತ್ತು ಉಪ್ಪುನೀರಿನ ಬಳಕೆಯ ಕುರಿತ ಅಖಿಲ ಭಾರತ ಸಮನ್ವಯ ಯೋಜನೆಯ ಕೇಂದ್ರಗಳಲ್ಲಿ ಒಂದು. ಭೂಮಿಯೊಳಗೆ ಕೊಳವೆ ಹೂಳಿ ನೀರು ಬಸಿಸುವ ಪ್ರಯೋಗಗಳು ಅಲ್ಲಿ ನಡೆದಿವೆ. ಜ್ಞಾನ ಬಾಗಿಲ ಬಳಿಯೇ ಇದೆ.

ಮಾದರಿ ತೆಗೆಯುವುದರಲ್ಲೇ ಅರ್ಧ ಪರೀಕ್ಷೆ ಕೆಡುತ್ತದೆ. ಕೀಟನಾಶಕದ ಖಾಲಿ ಡಬ್ಬಿಯಲ್ಲಿ ತುಂಬಿ ತಂದ ನೀರಿನ ಫಲಿತಾಂಶಕ್ಕೆ ಬೆಲೆಯಿಲ್ಲ. ಶುದ್ಧವಾದ ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ಗಲಬರಿಸಿ, ಗಾಳಿ ನಿಲ್ಲದಂತೆ ಕಂಠದವರೆಗೆ ತುಂಬಿ, ಸ್ಥಳ ಮತ್ತು ದಿನಾಂಕ ಬರೆದು, ಬಿಸಿಲಿಗಿಡದೆ ಬೇಗ ತಲುಪಿಸಬೇಕು. ಕೊಳವೆಬಾವಿಯಾದರೆ ಅರ್ಧ ಗಂಟೆ ಪಂಪು ಓಡಿಸಿದ ಮೇಲೆ. ಹಳ್ಳವಾದರೆ ದಂಡೆಯ ನಿಂತ ನೀರನ್ನು ಬಿಟ್ಟು ನಡುಹರಿವಿನಲ್ಲಿ.

ಅಂಗಡಿಯ ಲೆಕ್ಕಕ್ಕೆ ಬಂದರೆ

ಜಿಪ್ಸಂ ವ್ಯಾಪಾರ ಇದಕ್ಕೆ ಒಳ್ಳೆಯ ನಿದರ್ಶನ. ಬೆಳೆ ಹಳದಿಯಾದೊಡನೆ 'ಸವಳಾಗಿದೆ, ಜಿಪ್ಸಂ ಹಾಕಿ' ಎನ್ನುವ ಸಲಹೆ ಅಂಗಡಿಯ ಕಟ್ಟೆಯ ಮೇಲೆಯೇ ಸಿಗುತ್ತದೆ. ಕ್ಷಾರಕ್ಕೆ ಜಿಪ್ಸಂ ಮದ್ದು ಹೌದು. ಆರ್‌.ಎಸ್‌.ಸಿ. 2 ಮಿಲಿ ಈಕ್ವಿವಲೆಂಟ್ ಇರುವ ನೀರನ್ನು ಎಕರೆಗೆ ಒಂದು ಮೀಟರಿನಷ್ಟು ಹಾಯಿಸಿದರೆ ಆ ದೋಷವನ್ನು ಕಳೆಯಲು ಸುಮಾರು 7 ಕ್ವಿಂಟಲ್ ಶುದ್ಧ ಜಿಪ್ಸಂ ಬೇಕಾಗುತ್ತದೆ ಎಂದು ಲೆಕ್ಕ ಹಾಕಬಹುದು. ಆದರೆ ದೋಷ ಬರಿಯ ಸವಳಿನದಾಗಿದ್ದರೆ ಅದೇ ಜಿಪ್ಸಂ ಹಣ ಸುರಿದಂತೆ. ಅಲ್ಲಿ ಬೇಕಾದದ್ದು ಬಸಿಗಾಲುವೆ. ಎರಡರ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಪರೀಕ್ಷೆಗೆ ಮಾತ್ರ ಕಾಣುತ್ತದೆ. ಪರೀಕ್ಷೆಯಿಲ್ಲದೆ ಮಾರಿದ ವರ್ತಕ ಆ ದಿನ ಲಾಭ ಕಂಡರೂ, ಉದ್ರಿ ವಸೂಲಿಯ ದಿನ ಆ ನಷ್ಟದಲ್ಲಿ ಪಾಲುದಾರನಾಗುತ್ತಾನೆ.

ಸರ್ಕಾರದ ಕಡೆಯಿಂದಲೂ ಒಂದು ಕೊರತೆ ಉಳಿದಿದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ, ಮಣ್ಣಿನ ಇ.ಸಿ. ಮತ್ತು ರಸಸಾರವೂ ಸೇರಿವೆ. ಆದರೆ ಆ ಮಣ್ಣಿಗೆ ಬೀಳುವ ನೀರಿಗೆ ಅದರಲ್ಲಿ ಸ್ಥಾನವಿಲ್ಲ. ರೋಗಿಯ ರಕ್ತ ನೋಡಿ, ಅವನು ಏನು ತಿನ್ನುತ್ತಾನೆಂದು ಕೇಳದ ವೈದ್ಯನ ಕತೆಯಿದು. ನೀರಾವರಿ ಸಲಹಾ ಸಮಿತಿಯ ಸಭೆಗಳಲ್ಲೂ ಚರ್ಚೆಯಾಗುವುದು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಕ್ಯೂಸೆಕ್ ಎಂಬುದಷ್ಟೇ. ನವಲಿಯ ಬಳಿ ಸಮಾನಾಂತರ ಜಲಾಶಯ ಬೇಕೆಂದು ವರ್ತಕರೂ ರೈತರೂ ಒಕ್ಕೊರಲಿನಿಂದ ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ಬಸಿಯಲು ದಾರಿಯಿಲ್ಲದ ನೆಲಕ್ಕೆ ಹೆಚ್ಚು ನೀರು ಬಂದರೆ ಹೆಚ್ಚು ಸವಳು ಎಂಬ ಮಾತು ಆ ಬೇಡಿಕೆಯ ಪತ್ರಗಳಲ್ಲಿ ಕಾಣುವುದು ಅಪರೂಪ.

ಇದಕ್ಕೆ ವರ್ತಕ ಸಮುದಾಯದಿಂದ ಬರಬಹುದಾದ ಆಕ್ಷೇಪಗಳಲ್ಲಿ ತೂಕವಿರುವುದು ಒಂದು. ಹಳ್ಳಹಳ್ಳಕ್ಕೆ ಫಲಕ ಹಾಕಿ ಇಲ್ಲಿಯ ನೀರು ಸವಳು ಎಂದು ಬರೆದರೆ ಆ ಊರಿನ ಜಮೀನಿನ ಬೆಲೆ ಬೀಳುತ್ತದೆ, ಬ್ಯಾಂಕು ಸಾಲಕ್ಕೆ ಹಿಂಜರಿಯುತ್ತದೆ, ಊರಿನ ಅಕ್ಕಿಗೂ ಹೆಸರು ಕೆಡುತ್ತದೆ ಎಂಬ ಭಯ. ಭಯ ಸುಳ್ಳಲ್ಲ. ಆದರೆ ಜಮೀನು ಕೊಳ್ಳುವ ಸ್ಥಳೀಯರಿಗೆ ಯಾವ ಸರ್ವೆ ನಂಬರು ಸವಳೆಂಬುದು ಈಗಲೂ ಗೊತ್ತು, ಬೆಲೆಯೂ ಅದರಂತೆಯೇ ನಿಂತಿದೆ. ಗೊತ್ತಿಲ್ಲದಿರುವುದು ಹೊರಗಿನಿಂದ ಬಂದು ಉದ್ರಿ ಕೊಡುವ ಕಂಪನಿಗೆ ಮತ್ತು ಹೊಸದಾಗಿ ಗುತ್ತಿಗೆ ಹಿಡಿಯುವ ಬಡ ಒಕ್ಕಲಿಗೆ. ಮುಚ್ಚಿಟ್ಟದ್ದರ ಭಾರ ಕೊನೆಗೆ ಬೀಳುವುದು ಆ ಗುತ್ತಿಗೆದಾರನ ಮೇಲೆ. ಅವನು ರಾತ್ರೋರಾತ್ರಿ ಊರು ಬಿಟ್ಟರೆ ಅಂಗಡಿಯ ಖಾತೆಯ ಮೇಲೆ. ಅಕ್ಕಿಯ ಹೆಸರಿನ ಮಾತು ಹೇಳುವುದಾದರೆ, ಸವಳು ಕಾಳನ್ನು ಜೊಳ್ಳು ಮಾಡುತ್ತದೆ, ಇಳುವರಿ ಇಳಿಸುತ್ತದೆ. ತಿನ್ನುವವನ ತಟ್ಟೆಗೆ ಅದರಿಂದ ಉಪ್ಪು ಬರುವುದಿಲ್ಲ. ಆ ಹೆದರಿಕೆಗೆ ಆಧಾರವಿಲ್ಲ.

ಬಸಿನೀರನ್ನು ಬಳಸಬೇಡಿ ಎಂದು ಕೊನೆಯ ಭಾಗದ ರೈತರಿಗೆ ಹೇಳುವ ಅಧಿಕಾರವೂ ಯಾರಿಗೂ ಇಲ್ಲ. ಅವರ ಪಾಲಿನ ನಾಲೆಯ ನೀರು ಅವರಿಗೆ ತಲುಪದಿರುವುದರಿಂದಲೇ ಅವರು ಹಳ್ಳಕ್ಕಿಳಿದದ್ದು. ಬಸಿನೀರಿನ ಮರುಬಳಕೆ ಇಲ್ಲಿ ಮಾತ್ರ ಇರುವಂಥದೂ ಅಲ್ಲ. ನೀರಿಗೆ ನೈಲ್ ನದಿಯೊಂದನ್ನೇ ನೆಚ್ಚಿರುವ ಈಜಿಪ್ತಿನಲ್ಲಿ ಸಿನಾಯ್ ಕಡೆಗೆ ಹೋಗುವ ಅಲ್ ಸಲಾಂ ನಾಲೆಗೆ ನದಿಯ ನೀರನ್ನೂ ಬಸಿನೀರನ್ನೂ ಹೆಚ್ಚು ಕಡಿಮೆ ಸಮಪಾಲಿನಲ್ಲಿ ಬೆರೆಸುವಂತೆ ಸರ್ಕಾರವೇ ಯೋಜನೆ ರೂಪಿಸಿತು. ಅಲ್ಲಿ ಬೆರಕೆಗೆ ಲೆಕ್ಕವಿದೆ, ಇಲ್ಲಿ ಅದು ಅವರವರ ಪಂಪಿನ ಇಚ್ಛೆ. ಲೆಕ್ಕ ಕಷ್ಟದ್ದೇನೂ ಅಲ್ಲ. ಇ.ಸಿ. 2.4 ಇರುವ ಹಳ್ಳದ ನೀರಿಗೆ 0.3ರ ನಾಲೆಯ ನೀರನ್ನು ಸಮವಾಗಿ ಬೆರೆಸಿದರೆ 1.35, ಹಳ್ಳದ ಒಂದು ಪಾಲಿಗೆ ನಾಲೆಯ ಎರಡು ಪಾಲು ಸೇರಿಸಿದರೆ 1.0. ಬೆರೆಸುವುದಕ್ಕಿಂತ ಸರದಿಯ ಬಳಕೆ ಇನ್ನೂ ಸುಲಭ. ಭತ್ತ ಲವಣಕ್ಕೆ ಹೆಚ್ಚು ಅಂಜುವುದು ಎಳೆಯ ಸಸಿಯಾಗಿದ್ದಾಗ ಮತ್ತು ಹೂವಾಡುವಾಗ. ಆ ಎರಡು ಹೊತ್ತಿಗೆ ನಾಲೆಯ ನೀರನ್ನು ಉಳಿಸಿಕೊಟ್ಟು, ನಡುವಿನ ದಿನಗಳಿಗೆ ಹಳ್ಳದ್ದನ್ನು ಬಳಸಿದರೆ ನಷ್ಟ ತಗ್ಗುತ್ತದೆ. ವಾರಬಂದಿಯ ವೇಳಾಪಟ್ಟಿಯನ್ನು ನೀರಿನ ಅಂಕಿ ನೋಡಿ ಜೋಡಿಸಲು ಇದರಿಂದ ಆಧಾರ ದೊರೆಯುತ್ತದೆ.

ಈ ಕೆಲಸದ ಆರಂಭದ ವೆಚ್ಚವನ್ನು ವಾಣಿಜ್ಯೋದ್ಯಮ ಸಂಸ್ಥೆಗಳೇ ಹೊರುವುದು ಸೂಕ್ತ. ದೊಡ್ಡ ಮೊತ್ತವೇನೂ ಬೇಡ. ತಾಲ್ಲೂಕಿಗೆ ಹತ್ತು ಹನ್ನೆರಡು ಸ್ಥಿರ ಸ್ಥಳಗಳು, ಅಂದರೆ ಉಪಕಾಲುವೆಯ ಒಂದೆರಡು ತೂಬುಗಳು, ಮುಖ್ಯ ಹಳ್ಳಗಳ ಸೇತುವೆಗಳು, ಕೆಲವು ಕೊಳವೆಬಾವಿಗಳು. ತಿಂಗಳಿಗೊಮ್ಮೆ ಇ.ಸಿ., ಹಂಗಾಮಿಗೊಮ್ಮೆ ಪ್ರಯೋಗಾಲಯದ ಪೂರ್ಣ ಪರೀಕ್ಷೆ. ಭತ್ತದ ಧಾರಣೆ ಬರೆಯುವ ಎ.ಪಿ.ಎಂ.ಸಿ. ಫಲಕದ ಕೆಳಗೆ ಆ ತಿಂಗಳ ನೀರಿನ ಅಂಕಿಗಳನ್ನೂ ಬರೆದರೆ ಓದದವರು ಯಾರು? ಮೂರು ವರ್ಷ ಹೀಗೆ ನಡೆದರೆ ಸರ್ಕಾರದ ಮುಂದೆ ಬಸಿಗಾಲುವೆಗಳ ಹೂಳೆತ್ತುವಿಕೆಗೆ ಅನುದಾನ ಕೇಳಲು ಕೈಯಲ್ಲಿ ದಾಖಲೆಯಿರುತ್ತದೆ. ದಾಖಲೆಯಿಲ್ಲದ ಮನವಿಗಳು ಏನಾಗುತ್ತವೆ ಎಂಬುದು ಸಂಸ್ಥೆಯ ಸದಸ್ಯರಿಗೆ ಚೆನ್ನಾಗಿ ತಿಳಿದಿದೆ.

ಅದಕ್ಕೆ ಮೊದಲು ಗಿರಣಿಗಳು ತಮ್ಮ ಹಿತ್ತಲನ್ನು ನೋಡಿಕೊಳ್ಳಬೇಕಾಗುತ್ತದೆ. ಭತ್ತ ನೆನೆಸಿ ಬೇಯಿಸಿದ ನೀರು, ಬಾಯ್ಲರಿನಿಂದ ಹೊರಬಿಟ್ಟ ನೀರು, ನೀರು ಮೆದುಗೊಳಿಸುವ ಘಟಕವನ್ನು ಉಪ್ಪಿನಿಂದ ತೊಳೆದ ಮೇಲಿನ ಸವಳು ನೀರು, ಇವೆಲ್ಲ ಸಂಸ್ಕರಣೆಯಿಲ್ಲದೆ ಹೋದರೆ ಸೇರುವುದು ಅದೇ ಹಳ್ಳವನ್ನು. ಶುದ್ಧ ಕುಡಿಯುವ ನೀರಿನ ಘಟಕಗಳು ಹೊರಚೆಲ್ಲುವ ಗಡಸು ನೀರಿಗೂ ಅದೇ ದಾರಿ. ಗದ್ದೆಗಳ ಬಸಿಗೆ ಹೋಲಿಸಿದರೆ ಈ ಪ್ರಮಾಣ ಸಣ್ಣದಿರಬಹುದು. ಆದರೆ ನಾಲೆ ನಿಂತ ಏಪ್ರಿಲ್-ಮೇ ತಿಂಗಳಲ್ಲಿ, ಹಳ್ಳದಲ್ಲಿ ನೀರು ಎಳೆಯಾಗಿ ಹರಿಯುವಾಗ, ಅದು ಸಣ್ಣದಾಗಿ ಉಳಿಯುವುದಿಲ್ಲ. ಹಳ್ಳದ ಸೇತುವೆಯ ಬಳಿ ಮಾದರಿ ತೆಗೆಯುವವರು ಗಿರಣಿಗಳ ಮೇಲ್ಗಡೆ ಒಂದು, ಕೆಳಗಡೆ ಒಂದು ಬಾಟಲಿ ತುಂಬಲಿ, ಎರಡೂ ಅಂಕಿಗಳು ಫಲಕದ ಮೇಲೆ ಬರಲಿ. ಈ ವರ್ಷ ನಾಲೆ ನಿಲ್ಲುವ ವಾರವೇ ಮೊದಲ ಬಾಟಲಿ ತುಂಬಲು ತಕ್ಕ ಸಮಯ. ಹಳ್ಳದ ನೀರು ಅತಿ ಕೆಟ್ಟಿರುವುದು ಆಗಲೇ. ಆ ಅಂಕಿ ಕೈಗೆ ಬಂದ ಮೇಲೆ ಮುಂಗಾರಿನ ಉದ್ರಿ ಖಾತೆಗಳನ್ನು ತೆರೆಯಲು ಇನ್ನೂ ಒಂದೆರಡು ತಿಂಗಳು ಬಿಡುವಿರುತ್ತದೆ.